ಎಳೆಯರ ಚಾರಣ: ನಿಯಮ ಎಷ್ಟಿರಬೇಕು, ಯಾರಿಗಿರಬೇಕು?

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ಪಟ್ಟಣದಲ್ಲಿ ನಾವು ಕೆಲವು ಶಿಕ್ಷಕರು ಮತ್ತು ಪೋಷಕರು ಸೇರಿ 13ರಿಂದ 17 ವರ್ಷದ ಹುಡುಗ ಹುಡುಗಿಯರಿಗಾಗಿ ಚಾರಣ ಬಳಗವೊಂದನ್ನು ನಡೆಸುತ್ತಿದ್ದೇವೆ. ಕಳೆದ ಸಲ ಬೆಟ್ಟ ಇಳಿಯುವಾಗ ಇಬ್ಬರು ಹುಡುಗರು ಒಳದಾರಿ ಹಿಡಿದು ತಪ್ಪಿಸಿಕೊಂಡರು. ಜತೆಗಿದ್ದ ಇಬ್ಬರು ಹಿರಿಯರೂ ಆಗ ಸುಸ್ತಾಗಿದ್ದ ಮಕ್ಕಳೊಂದಿಗೆ ಹಿಂದೆ ಉಳಿದಿದ್ದರು, ಮುಂದೆ ಯಾರೂ ಇರಲಿಲ್ಲ. ಹುಡುಗರು ಕತ್ತಲಾಗುವ ಮುನ್ನ ಸಿಕ್ಕರು, ಯಾರಿಗೂ ಏನೂ ಆಗಲಿಲ್ಲ. ಆದರೆ ಪೋಷಕರು ಗಾಬರಿಗೊಂಡಿದ್ದಾರೆ. ಸಮಿತಿಯವರು 41 ಅಂಶಗಳ ನಿಯಮಾವಳಿಯನ್ನೂ, ‘ಏನೇ ಆದರೂ ಬಳಗ ಹೊಣೆಯಲ್ಲ’ ಎಂಬ ಒಪ್ಪಿಗೆ ಪತ್ರವನ್ನೂ ಸಿದ್ಧಪಡಿಸಿದ್ದಾರೆ, ಎರಡನ್ನೂ ಲಗತ್ತಿಸಿದ್ದೇನೆ. ಡಿಸೆಂಬರಿನಲ್ಲಿ ಕುಮಾರಪರ್ವತಕ್ಕೆ ಹೋಗುವ ಯೋಚನೆಯಿದೆ. ಈ ನಿಯಮಗಳು ಸಾಕೇ? ಔಷಧಿ, ರಾತ್ರಿ ತಂಗುವಿಕೆ, ಮೊಬೈಲು, ಶಿಕ್ಷೆ ಇವುಗಳ ಬಗ್ಗೆ ಏನು ಮಾಡಬೇಕು? ಆ ಇಬ್ಬರು ಹುಡುಗರನ್ನು ಬಳಗದಿಂದ ತೆಗೆಯಲೇಬೇಕೆಂದು ಕೆಲವರು ಪಟ್ಟು ಹಿಡಿದಿದ್ದಾರೆ.

ಉತ್ತರ: ನೀವು ಕಳುಹಿಸಿದ ನಿಯಮಾವಳಿಯನ್ನು ಪೂರ್ತಿ ಓದಿದೆ. ಅದರ ಬಹುಪಾಲು ಅಂಶಗಳು ‘ವಿದ್ಯಾರ್ಥಿಗಳು ಮಾಡಬಾರದು’ ಎಂಬಲ್ಲಿಗೆ ಮುಗಿಯುತ್ತವೆ. ಜತೆಗೆ ಹೋಗುವ ಹಿರಿಯರು ಏನು ಮಾಡಲೇಬೇಕು, ಮಾಡದಿದ್ದರೆ ಯಾರು ಕೇಳುತ್ತಾರೆ ಎಂಬುದು ಎಲ್ಲಿಯೂ ಇಲ್ಲ. ನನ್ನ ಮುಖ್ಯ ಆಕ್ಷೇಪಣೆ ಇದೇ. ಹದಿಮೂರು ವರ್ಷದ ಹುಡುಗ ಬೆಟ್ಟದ ಮೇಲೆ ಹದಿಮೂರು ವರ್ಷದವನಂತೆಯೇ ನಡೆದುಕೊಳ್ಳುತ್ತಾನೆ. ಹಾಗೆ ನಡೆದುಕೊಂಡರೂ ಅವನಿಗೆ ಅಪಾಯವಾಗದಂತೆ ಏರ್ಪಾಡು ಮಾಡುವುದು ಹಿರಿಯರ ಕೆಲಸ. ಆದ್ದರಿಂದ ನಿಯಮಗಳು ಮೊದಲು ಹಿರಿಯರನ್ನು ಕಟ್ಟಬೇಕು, ಆಮೇಲೆ ಮಕ್ಕಳನ್ನು. ಇನ್ನೊಂದು ಮಾತು: ‘ಎಚ್ಚರಿಕೆಯಿಂದ ಇರತಕ್ಕದ್ದು’, ‘ಅನುಚಿತವಾಗಿ ವರ್ತಿಸಕೂಡದು’ ಎಂಬಂಥ ವಾಕ್ಯಗಳನ್ನು ಹೊಡೆದು ಹಾಕಿ. ಪಾಲಿಸಿದ್ದಾರೋ ಇಲ್ಲವೋ ಎಂದು ನಿಂತಲ್ಲೇ ನೋಡಿ ಹೇಳಲು ಬಾರದ ನಿಯಮ ಕಾಗದದ ಮೇಲಷ್ಟೇ ಉಳಿಯುತ್ತದೆ. ‘ಬಂಡೆಯ ಅಂಚಿನಿಂದ ಎರಡು ಮಾರು ದೂರ ನಿಲ್ಲಬೇಕು, ಫೋಟೊ ತೆಗೆಯುವಾಗಲೂ’ ಎಂದು ಬರೆದರೆ ಮಗುವಿಗೂ ತಿಳಿಯುತ್ತದೆ, ಮುಂದಾಳುವಿಗೂ ಕಾಣುತ್ತದೆ.

ಹುಡುಗರು ತಪ್ಪಿಸಿಕೊಂಡ ಪ್ರಸಂಗವನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿರುವ ಅತ್ಯಂತ ಉಪಯುಕ್ತ ಮಾಹಿತಿ ಅದು. ಇಳಿಯುವಾಗ ಇಬ್ಬರು ಹಿರಿಯರೂ ಸುಸ್ತಾಗಿದ್ದ ಮಕ್ಕಳೊಂದಿಗೆ ಹಿಂದೆ ಉಳಿದಿದ್ದರು, ಮುಂದೆ ಯಾರೂ ಇರಲಿಲ್ಲ ಎಂದು ಬರೆದಿದ್ದೀರಿ. ಹಾಗಿದ್ದರೆ ಒಳದಾರಿ ಸಿಕ್ಕಿದ ಕೂಡಲೇ ಹುಡುಗರು ಅದನ್ನು ಹಿಡಿಯುವುದು ಸಹಜವೇ. ಗುಂಪು ನಡೆಯುವಾಗ ದಾರಿ ಗೊತ್ತಿರುವ ಒಬ್ಬ ಹಿರಿಯರು ಎಲ್ಲರಿಗಿಂತ ಮುಂದೆ, ಪ್ರಥಮ ಚಿಕಿತ್ಸೆಯ ಚೀಲ ಹೊತ್ತ ಒಬ್ಬರು ಎಲ್ಲರಿಗಿಂತ ಹಿಂದೆ ಇರಬೇಕು. ಮುಂದಿನವರನ್ನು ಯಾರೂ ದಾಟಬಾರದು, ಹಿಂದಿನವರಿಗಿಂತ ಹಿಂದೆ ಯಾರೂ ಉಳಿಯಬಾರದು. ಮೂತ್ರ ವಿಸರ್ಜನೆಗೆ ಹೋಗುವವರು ಚೀಲವನ್ನು ದಾರಿಯ ಬದಿಯಲ್ಲಿಟ್ಟು, ಜತೆಗಾರರಿಗೆ ಹೇಳಿ ಹೋಗಬೇಕು. ಅತಿ ನಿಧಾನವಾಗಿ ನಡೆಯುವ ಮಗುವನ್ನು ಮುಂದಾಳುವಿನ ಬೆನ್ನಿಗೇ ನಿಲ್ಲಿಸಿ. ಗುಂಪಿನ ವೇಗವನ್ನು ಆ ಮಗುವೇ ನಿರ್ಧರಿಸಲಿ. ಚುರುಕಿನ ಹುಡುಗರಿಗೆ ಇದು ಬೇಸರ ತರಿಸುತ್ತದೆ. ಅವರಿಗೆ ಹೆಚ್ಚುವರಿ ನೀರಿನ ಬಾಟಲಿ ಹೊರಿಸಿದರೆ ಬೇಸರವೂ ಕಡಿಮೆಯಾಗುತ್ತದೆ, ವೇಗವೂ.

ತಲೆ ಎಣಿಸುವುದನ್ನು ನಿಮ್ಮ ನಿಯಮಾವಳಿ ‘ಆಗಾಗ’ ಎಂದು ಹೇಳಿ ಬಿಟ್ಟುಬಿಟ್ಟಿದೆ. ಆಗಾಗ ಎಂದರೆ ಯಾವಾಗಲೂ ಅಲ್ಲ ಎಂದೇ ಅರ್ಥ. ಕಣ್ಣಿನಲ್ಲಿ ಎಣಿಸುವುದನ್ನು ನಂಬಬೇಡಿ: ಇಪ್ಪತ್ತನಾಲ್ಕು ಮಕ್ಕಳು ನೀರು ಕುಡಿಯುತ್ತ, ಷೂ ಲೇಸು ಕಟ್ಟುತ್ತ, ಜಾಗ ಬದಲಿಸುತ್ತ ಇರುವಾಗ ಒಬ್ಬರನ್ನೇ ಎರಡು ಸಲ ಎಣಿಸಿ ‘ಸರಿಯಿದೆ’ ಎಂದು ಹೊರಡುವುದು ತೀರ ಸಾಮಾನ್ಯ. ಬಸ್ಸು ಹತ್ತುವಾಗಲೇ ಪ್ರತಿ ಮಗುವಿಗೂ ಒಂದು ಸಂಖ್ಯೆ ಕೊಡಿ. ಮುಂದಾಳು ‘ಎಣಿಕೆ’ ಎಂದು ಕೂಗಿದಾಗ ಒಂದು, ಎರಡು, ಮೂರು ಎಂದು ತಂತಮ್ಮ ಸಂಖ್ಯೆಯನ್ನು ತಾವೇ ಹೇಳಲಿ. ಒಂಬತ್ತು ಆದ ಮೇಲೆ ಮೌನ ಬಂದರೆ ಹತ್ತನೆಯವರು ಇಲ್ಲವೆಂದು ಅರ್ಥ. ಗೆಳೆಯನ ಪರವಾಗಿ ಕೂಗಿದವನಿಗೆ ಆ ದಿನ ಹಿರಿಯರ ಕೈಯಳತೆಯಲ್ಲೇ ನಡಿಗೆ. ಇದಕ್ಕೆ ಅರ್ಧ ನಿಮಿಷ ಸಾಕು. ದಾರಿ ಕವಲೊಡೆಯುವಲ್ಲಿ, ಹಳ್ಳ ದಾಟುವ ಮುಂಚೆ ಮತ್ತು ದಾಟಿದ ಮೇಲೆ, ದಣಿವಾರಿಸಿಕೊಂಡು ಏಳುವಾಗ, ವಾಹನ ಹೊರಡುವ ಮುನ್ನ ಎಣಿಕೆ ಆಗಲೇಬೇಕು. ಕವಲಿನಲ್ಲಿ ಮುಂದಾಳು ಹಿಂದಿನವರ ಮುಖ ಕಾಣುವವರೆಗೂ ನಿಂತಿರಬೇಕು. ನಿಮ್ಮ ಹುಡುಗರು ತಪ್ಪಿಸಿಕೊಂಡ ದಿನ ಈ ಒಂದು ನಿಯಮ ಇದ್ದಿದ್ದರೆ ಸಾಕಿತ್ತು.

ತಪ್ಪಿಸಿಕೊಂಡ ಮಗು ಏನು ಮಾಡಬೇಕೆಂಬುದನ್ನೂ ಹೊರಡುವ ಮೊದಲೇ ಹೇಳಿಕೊಟ್ಟಿರಬೇಕು. ದಾರಿ ತಪ್ಪಿತೆಂದು ಅನಿಸಿದ ಕ್ಷಣ ಇದ್ದಲ್ಲೇ ನಿಲ್ಲುವುದು, ಕೊರಳಲ್ಲಿರುವ ಪೀಪಿಯನ್ನು ಮೂರು ಸಲ ಊದುವುದು, ಒಂದು ನಿಮಿಷ ಬಿಟ್ಟು ಮತ್ತೆ ಮೂರು ಸಲ ಊದುವುದು, ಇಷ್ಟೇ. ಹುಡುಕುತ್ತ ಅಲೆಯಬಾರದು, ನೀರಿನ ಜಾಡು ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತನ್ನು ಪಶ್ಚಿಮ ಘಟ್ಟದಲ್ಲಂತೂ ನಂಬಲೇಬಾರದು, ಅಲ್ಲಿ ನೀರಿನ ಜಾಡು ಅಬ್ಬಿಯ ತುದಿಗೆ ಕರೆದೊಯ್ಯುವುದೇ ಹೆಚ್ಚು.

ಹಿರಿಯರು ಎಷ್ಟು ಮಂದಿ ಇರಬೇಕು? ಎಂಟು ಮಕ್ಕಳಿಗೆ ಒಬ್ಬರು ಎಂಬ ಅಳತೆ ಸಾಧುವಾದುದು. ಆದರೆ ಮಕ್ಕಳು ಎಂಟೇ ಇದ್ದರೂ ಹಿರಿಯರು ಮೂವರಿಗಿಂತ ಕಡಿಮೆಯಿರಬಾರದೆಂದು ನನ್ನ ಖಚಿತ ಅಭಿಪ್ರಾಯ. ಒಂದು ಮಗುವಿನ ಕಾಲು ಉಳುಕಿತು ಎಂದುಕೊಳ್ಳಿ. ಒಬ್ಬರು ಆ ಮಗುವಿನ ಬಳಿ ಕೂರಬೇಕು, ಒಬ್ಬರು ಮೊಬೈಲ್ ಸಿಗ್ನಲ್ ಸಿಗುವ ಜಾಗಕ್ಕೋ ಹತ್ತಿರದ ಮನೆಗೋ ಹೋಗಬೇಕು, ಉಳಿದ ಮಕ್ಕಳ ಜತೆ ಮೂರನೆಯವರು ಇರಬೇಕು. ಇಬ್ಬರೇ ಇದ್ದರೆ ಇವುಗಳಲ್ಲಿ ಒಂದು ಕೆಲಸ ಬಿಟ್ಟುಹೋಗುತ್ತದೆ. ಹುಡುಗಿಯರಿದ್ದರೆ ಮೂವರಲ್ಲಿ ಒಬ್ಬರಾದರೂ ಮಹಿಳೆ ಇರಬೇಕು. ಬರುತ್ತೇನೆಂದವರು ಕೊನೆಯ ಗಳಿಗೆಯಲ್ಲಿ ಬಾರದೆ ಹೋದರೆ ‘ಹೇಗೋ ಸುಧಾರಿಸೋಣ’ ಎನ್ನದೆ ಪ್ರವಾಸವನ್ನೇ ಮುಂದೂಡಬೇಕು.

ಇನ್ನು ಕುಮಾರಪರ್ವತ. ಈ ಆಯ್ಕೆಯನ್ನು ಕೈಬಿಡಿ ಎಂದು ನೇರವಾಗಿಯೇ ಹೇಳುತ್ತೇನೆ, ಕಾರಣವನ್ನು ಲೆಕ್ಕ ಹಾಕಿ ತೋರಿಸುತ್ತೇನೆ. ಶಿಖರದ ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ಒಂದು ಬದಿಗೇ ಸುಮಾರು 12–13 ಕಿಲೋಮೀಟರ್ ನಡಿಗೆ, 1500 ಮೀಟರಿಗೂ ಹೆಚ್ಚಿನ ಏರು. ಬೆಟ್ಟ ಹತ್ತುವವರು ಬಳಸುವ ಹಳೆಯ ಲೆಕ್ಕದ ಪ್ರಕಾರ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಮತ್ತೊಂದು ಗಂಟೆ. ಅಲ್ಲಿಗೆ ಗಟ್ಟಿಮುಟ್ಟಾದ ವಯಸ್ಕರಿಗೇ, ಎಲ್ಲಿಯೂ ಕೂರದಿದ್ದರೆ, ಐದು ಗಂಟೆ ಬೇಕು. ಚೀಲ ಹೊತ್ತ ಮಿಶ್ರ ವಯಸ್ಸಿನ ಮಕ್ಕಳ ಗುಂಪಿಗೆ ಅದರ ಒಂದೂವರೆ ಪಟ್ಟು ಇಟ್ಟುಕೊಳ್ಳಬೇಕು, ಊಟ ವಿಶ್ರಾಂತಿ ಬೇರೆ. ದಾರಿಯ ನಡುವೆ ಚಾರಣಿಗರು ತಂಗುವ ಭಟ್ಟರ ಮನೆಯ ಆಚೆಗಿನ ಬೋಳು ಹುಲ್ಲುಗಾವಲಿನಲ್ಲಿ ನೆರಳಿಲ್ಲ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಒಂದೇ ದಿನದಲ್ಲಿ ಹತ್ತಿ ಇಳಿಯುವುದು ನಿಮ್ಮ ಬಳಗದ ಕಿರಿಯರಿಗೆ ಸಾಧ್ಯವಿಲ್ಲ. ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿ ಇದಕ್ಕಿಂತ ಗಿಡ್ಡದು, ಆದರೆ ಅಲ್ಲಿ ಕಡಿದಾದ ಜಾರುಬಂಡೆಗಳಿವೆ. ಜತೆಗೆ ಅದು ಪುಷ್ಪಗಿರಿ ವನ್ಯಜೀವಿಧಾಮದ ಪ್ರದೇಶ, ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ಅಲ್ಲಿ ಮುಗಿಬಿದ್ದ ಜನಸಂದಣಿಯ ನಂತರ, ಆನ್‌ಲೈನ್‌ನಲ್ಲಿ ಕಾಯ್ದಿರಿಸದ ಚಾರಣಕ್ಕೆ ಸರ್ಕಾರ ತಡೆಯೊಡ್ಡಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ತಾಣದಲ್ಲಿ ಮುಂಚಿತವಾಗಿ ಕಾಯ್ದಿರಿಸಬೇಕು. ನಿಮ್ಮ ಸುತ್ತಮುತ್ತಲೇ ಅರ್ಧ ದಿನದಲ್ಲಿ ಹತ್ತಿ ಇಳಿಯಬಹುದಾದ ಬೆಟ್ಟಗಳಿಗೆ ಕೊರತೆಯಿಲ್ಲ. ಮೊದಲು ಒಂದು ವರ್ಷ ಅಂಥವುಗಳಲ್ಲಿ ಪಳಗಿದ ಮೇಲೆ ಹದಿನಾರು ಹದಿನೇಳರವರನ್ನು ಮಾತ್ರ ದೊಡ್ಡ ಬೆಟ್ಟಕ್ಕೆ ಕರೆದೊಯ್ಯಿರಿ.

ಯಾವ ಬೆಟ್ಟವಾದರೂ ಸರಿ, ‘ಹಿಂತಿರುಗುವ ಹೊತ್ತು’ ಎಂಬುದನ್ನು ಮನೆಯಲ್ಲಿ ಕುಳಿತೇ ನಿರ್ಧರಿಸಿ ಪೋಷಕರಿಗೆ ಕೊಡುವ ಹಾಳೆಯಲ್ಲಿ ಬರೆದುಬಿಡಿ. ಮಧ್ಯಾಹ್ನ ಹನ್ನೆರಡೂವರೆ ಎಂದು ಬರೆದಿದ್ದರೆ, ತುದಿ ಇನ್ನು ಹತ್ತೇ ನಿಮಿಷದ ದೂರದಲ್ಲಿದ್ದರೂ ಹನ್ನೆರಡೂವರೆಗೆ ತಿರುಗಬೇಕು. ಬೆಟ್ಟದ ಮೇಲೆ ನಿಂತು ಈ ತೀರ್ಮಾನವನ್ನು ಬದಲಿಸುವ ಅಧಿಕಾರ ಮುಂದಾಳುವಿಗೂ ಇರಕೂಡದು. ತಿರುಗುವ ಹೊತ್ತನ್ನು ಬೇಗ ಮಾಡಬಹುದು, ತಡಮಾಡುವಂತಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ದಾರಿಯಲ್ಲಿ ನಮ್ಮ ರಾಜ್ಯದಿಂದ ಹೋಗಿದ್ದ ಒಂಬತ್ತು ಮಂದಿ ಚಾರಣಿಗರು ಹಿಮಗಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಅವರು ವಯಸ್ಕರು. ಕೆಟ್ಟ ಹವೆಗೆ ಸಿಕ್ಕರೆ ಪ್ರೌಢರಿಗೇ ಹೀಗಾಗುವುದಾದರೆ ಮಕ್ಕಳ ಗುಂಪು ಎಷ್ಟು ಅಂತರ ಇಟ್ಟುಕೊಳ್ಳಬೇಕು ಎಂಬುದನ್ನು ಸಮಿತಿಯವರು ಯೋಚಿಸಲಿ. ನಮ್ಮ ಬೆಟ್ಟಗಳಲ್ಲಿ ಹಿಮವಿಲ್ಲ, ಸಿಡಿಲಿದೆ. ಏಪ್ರಿಲ್, ಮೇ ತಿಂಗಳ ಮಳೆ ಹೆಚ್ಚಾಗಿ ಮಧ್ಯಾಹ್ನದ ಮೇಲೆ ಗುಡುಗಿನೊಂದಿಗೇ ಬರುತ್ತದೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸುವುದನ್ನು ಮಕ್ಕಳಿಗೆ ಕಲಿಸಿ. ಮೂರು ಸೆಕೆಂಡಿಗೆ ಒಂದು ಕಿಲೋಮೀಟರಿನ ಲೆಕ್ಕ. ಮೂವತ್ತರೊಳಗೆ ಗುಡುಗಿದರೆ ಕೂಡಲೇ ಬೆಟ್ಟದ ನೆತ್ತಿಯಿಂದ ಇಳಿಯಬೇಕು, ಒಂಟಿ ಮರದ ಬುಡ ಸೇರಬಾರದು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಮೇಲಕ್ಕೆ ಹೋಗಬಾರದು. ಫೆಬ್ರವರಿಯಿಂದ ಮೊದಲ ಮಳೆ ಬೀಳುವವರೆಗೆ ಹುಲ್ಲುಗಾವಲಿನ ಬೆಟ್ಟಗಳ ಗೋಜಿಗೇ ಹೋಗದಿರುವುದು ಲೇಸು. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಕಾಡ್ಗಿಚ್ಚು ಚಾರಣಿಗರ ಗುಂಪನ್ನೇ ಸುತ್ತುವರಿದಿತ್ತು.

ನೀರಿನ ವಿಷಯದಲ್ಲಿ ನಿಮ್ಮ ನಿಯಮಾವಳಿ ‘ಆಳವಾದ ನೀರಿಗೆ ಇಳಿಯಬಾರದು’ ಎನ್ನುತ್ತದೆ. ಆಳ ಎಷ್ಟೆಂದು ಇಳಿದ ಮೇಲಲ್ಲವೇ ಗೊತ್ತಾಗುವುದು? ಇಲ್ಲಿ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡುವುದಿಲ್ಲ: ಈಜು ಕಲಿಸುವ ಉದ್ದೇಶಕ್ಕೆಂದೇ, ಜೀವರಕ್ಷಕರ ಸಮ್ಮುಖದಲ್ಲಿ ಏರ್ಪಡಿಸಿದ ಕಾರ್ಯಕ್ರಮವನ್ನು ಬಿಟ್ಟರೆ, ಹೊಳೆ, ಕೆರೆ, ಜಲಪಾತದ ಗುಂಡಿ, ಕಡಲು ಯಾವುದಕ್ಕೂ ಮಕ್ಕಳು ಇಳಿಯಕೂಡದು. ಪಾದ ತೊಳೆಯುವುದೂ ದಡದಲ್ಲಿ ಕುಳಿತು, ಹಿರಿಯರು ಎದುರಿಗಿದ್ದಾಗ ಮಾತ್ರ. 2014ರ ಜೂನ್‌ನಲ್ಲಿ ಹಿಮಾಚಲದ ಬಿಯಾಸ್ ನದಿಯಲ್ಲಿ ಹೈದರಾಬಾದಿನ 24 ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಚ್ಚಿಹೋದಾಗ ಅಲ್ಲಿ ಮಳೆಯಿರಲಿಲ್ಲ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ನಮ್ಮ ಮುರ್ಡೇಶ್ವರದ ಕಡಲಿನಲ್ಲಿ 2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ತೀರಿಕೊಂಡರು. ನೀರಿನ ಅಪಘಾತ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಪ್ರಥಮ ಚಿಕಿತ್ಸೆ, ಫೋನು, ಅನುಭವ ಯಾವುದಕ್ಕೂ ಅಲ್ಲಿ ವೇಳೆಯಿರುವುದಿಲ್ಲ. ಇಡೀ ಹಾಳೆಯಲ್ಲಿ ಒಂದೇ ನಿಯಮಕ್ಕೆ ಜಾಗವಿದ್ದರೆ ಇದನ್ನೇ ಬರೆಯಿರಿ.

ಕಾಡುಪ್ರಾಣಿಗಳ ಬಗ್ಗೆ ಪೋಷಕರಿಗೆ ಇರುವ ಭಯ ದೊಡ್ಡದು. ಆಲೂರು, ಸಕಲೇಶಪುರದ ಕಡೆಯ ಜನರಿಗೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ: ಸ್ಥಳೀಯರೊಬ್ಬರು ಜತೆಗಿರಲಿ, ಬೆಳಕು ಹರಿಯುವ ಮುನ್ನ ಮತ್ತು ಸೂರ್ಯ ಇಳಿದ ಮೇಲೆ ನಡಿಗೆ ಬೇಡ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಕೂಡದು. ಕಚ್ಚಿಸಿಕೊಂಡವರನ್ನು ನಡೆಸದೆ, ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡದಂತೆ ಕಟ್ಟಿಗೆಯ ಆಸರೆ ಕೊಟ್ಟು ಆಸ್ಪತ್ರೆಗೆ ಒಯ್ಯಬೇಕು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಪ್ರತಿವಿಷದ ಔಷಧಿ. ಅದು ಹತ್ತಿರದ ಯಾವ ಆಸ್ಪತ್ರೆಯಲ್ಲಿ ದಾಸ್ತಾನಿದೆ ಎಂದು ಹಿಂದಿನ ದಿನವೇ ಫೋನು ಮಾಡಿ ಕೇಳಿಕೊಳ್ಳುವುದು ಮುಂದಾಳುವಿನ ಕರ್ತವ್ಯಗಳಲ್ಲಿ ಸೇರಲಿ.

ನಿಮ್ಮ ನಿಯಮಾವಳಿಯಲ್ಲಿ ಸುಳಿವೇ ಇಲ್ಲದ ವಿಷಯವೆಂದರೆ ಉಣುಗು. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ 1957ರಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ, ಅದೂ ಮುಖ್ಯವಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಸರಿಯಾಗಿ ನಮ್ಮ ಚಾರಣದ ಕಾಲದಲ್ಲಿ. ಮಲೆನಾಡಿಗೆ ಹೊರಡುವ ಮುನ್ನ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ವಿಚಾರಿಸಿ. ಸೋಂಕಿನ ಸುದ್ದಿಯಿದ್ದರೆ ಆ ಕಡೆ ಹೋಗಲೇಬೇಡಿ. ಉದ್ದ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣುಗು ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಇವು ಬೇಕು. ತರಗೆಲೆಯ ಮೇಲೆ ಕೂರಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಅಥವಾ ಆರೋಗ್ಯ ಇಲಾಖೆಗೆ ತಿಳಿಸಬೇಕು. ಕಚ್ಚಿಸಿಕೊಂಡ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಕಾಣಿಸಿಕೊಳ್ಳುತ್ತದೆ, ಅಷ್ಟರಲ್ಲಿ ಮಗು ಮನೆ ಸೇರಿ ಬೆಟ್ಟವನ್ನೇ ಮರೆತಿರುತ್ತದೆ. ಆದಕಾರಣ ಹಿಂತಿರುಗಿದ ಮೇಲೆ ಎರಡು ವಾರ ಜ್ವರ ಬಂದವರು ‘ಕಾಡಿಗೆ ಹೋಗಿದ್ದೆವು’ ಎಂದು ವೈದ್ಯರಿಗೆ ಹೇಳಬೇಕು, ಮುಂದಾಳು ಒಂದು ವಾರದ ನಂತರ ಪ್ರತಿ ಮನೆಗೂ ಫೋನು ಮಾಡಬೇಕು.

ಒಪ್ಪಿಗೆ ಪತ್ರಕ್ಕೆ ಬರುತ್ತೇನೆ. ‘ಬಳಗ ಹೊಣೆಯಲ್ಲ’ ಎಂಬ ವಾಕ್ಯಕ್ಕೆ ಪೋಷಕರು ಸಹಿ ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ತಪ್ಪುವುದಿಲ್ಲ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಅದು ಅಪರಾಧ, ಅದನ್ನು ಪೋಷಕರ ಸಹಿಯಿಂದ ಮನ್ನಾ ಮಾಡಿಸಿಕೊಳ್ಳಲಾಗದು. ಆ ವಾಕ್ಯವನ್ನು ತೆಗೆದು, ಅದರ ಜಾಗದಲ್ಲಿ ಎಲ್ಲಿಗೆ ಹೋಗುತ್ತೇವೆ, ಯಾವ ದಾರಿ, ಯಾವ ಹೊತ್ತಿಗೆ ತಿರುಗುತ್ತೇವೆ, ಏನೇನು ಅಪಾಯಗಳಿವೆ, ಯಾರು ಯಾರು ಜತೆಗಿದ್ದಾರೆ ಎಂಬುದನ್ನು ಬರೆಯಿರಿ. ಪೋಷಕರಿಂದ ಕೇಳಬೇಕಾದುದನ್ನೂ ಬದಲಿಸಬೇಕು. ಎಲ್ಲ ನಮೂನೆಗಳಲ್ಲೂ ರಕ್ತದ ಗುಂಪು ಕೇಳುತ್ತಾರೆ. ಯಾವ ಆಸ್ಪತ್ರೆಯೂ ನಿಮ್ಮ ನಮೂನೆ ನೋಡಿ ರಕ್ತ ಕೊಡುವುದಿಲ್ಲ, ಮತ್ತೆ ಪರೀಕ್ಷಿಸಿಯೇ ಕೊಡುತ್ತದೆ. ನಿಮಗೆ ಬೇಕಾದುದು ಉಬ್ಬಸವಿದೆಯೇ, ಫಿಟ್ಸ್ ಬರುತ್ತದೆಯೇ, ಜೇನುಹುಳು ಕಚ್ಚಿದಾಗ ಮೈ ಊದಿತ್ತೇ, ಯಾವ ಔಷಧಿ ಒಗ್ಗುವುದಿಲ್ಲ, ನಿದ್ದೆಯಲ್ಲಿ ಎದ್ದು ನಡೆಯುವ ಅಭ್ಯಾಸವಿದೆಯೇ ಎಂಬ ವಿವರಗಳು. ಉಬ್ಬಸವಿರುವ ಮಗುವಿನ ಇನ್‌ಹೇಲರ್ ಮಗುವಿನ ಜೇಬಿನಲ್ಲಿ ಒಂದು, ಹಿಂದೆ ನಡೆಯುವ ಹಿರಿಯರ ಚೀಲದಲ್ಲಿ ಒಂದು ಇರಬೇಕು. ಪೋಷಕರು ಬರೆದುಕೊಟ್ಟ ಔಷಧಿಯನ್ನು ಬಿಟ್ಟು ಬೇರೆ ಮಾತ್ರೆಯನ್ನು, ಅದು ಜ್ವರದ ಮಾತ್ರೆಯೇ ಆದರೂ, ಫೋನಿನಲ್ಲಿ ಪೋಷಕರನ್ನೋ ವೈದ್ಯರನ್ನೋ ಕೇಳದೆ ಕೊಡಬಾರದು. ಕೊಟ್ಟದ್ದನ್ನು ಹೊತ್ತು ಸಹಿತ ಬರೆದಿಡಬೇಕು. ಮುಟ್ಟಿನ ದಿನಗಳೆಂದು ಯಾವ ಹುಡುಗಿಯನ್ನೂ ಹೊರಗಿಡಬೇಡಿ. ಪ್ಯಾಡುಗಳು ಪ್ರಥಮ ಚಿಕಿತ್ಸೆಯ ಚೀಲದಲ್ಲಿ, ಕೇಳದೆಯೇ ತೆಗೆದುಕೊಳ್ಳುವಂತೆ ಇರಲಿ.

ರಾತ್ರಿ ತಂಗುವಾಗಿನ ನಡವಳಿಕೆಯನ್ನು ಅಸ್ಪಷ್ಟವಾಗಿ ಬಿಡುವುದು ಎಲ್ಲಕ್ಕಿಂತ ಅಪಾಯಕಾರಿ. ಯಾವ ಹಿರಿಯರೂ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ, ಗುಡಾರದಲ್ಲಿ, ವಾಹನದಲ್ಲಿ ಒಂಟಿಯಾಗಿ ಇರಕೂಡದು. ಮಾತನಾಡುವುದಿದ್ದರೆ ಇತರರಿಗೆ ಕಾಣುವ ಜಾಗದಲ್ಲಿ ಮಾತನಾಡಬೇಕು. ಹುಡುಗರು, ಹುಡುಗಿಯರು, ಹಿರಿಯರು ಮಲಗುವ ಜಾಗಗಳು ಪ್ರತ್ಯೇಕವಾಗಿರಬೇಕು. ಬಳಗದ ಪದಾಧಿಕಾರಿಗಳು, ಊರಿನ ಗೌರವಾನ್ವಿತರು, ಮಕ್ಕಳ ಬಂಧುಗಳು ಯಾರಿಗೂ ಇದರಿಂದ ವಿನಾಯಿತಿ ಇಲ್ಲ. ಮದ್ಯ, ಸಿಗರೇಟು, ಗುಟ್ಕಾ ಹಿರಿಯರಿಗೂ ನಿಷಿದ್ಧ, ಮಕ್ಕಳು ಮಲಗಿದ ಮೇಲೆಯೂ. ಮಗು ಯಾವ ಹೊತ್ತಿನಲ್ಲಾದರೂ ಮನೆಗೆ ಫೋನು ಮಾಡಬೇಕೆಂದರೆ ಕಾರಣ ಕೇಳದೆ ಕೊಡಬೇಕು. ಮೊಬೈಲುಗಳನ್ನು ಸಂಗ್ರಹಿಸಿ ಇಟ್ಟುಕೊಳ್ಳುವ ನಿಮ್ಮ ನಿಯಮಕ್ಕೆ ನನ್ನ ಒಪ್ಪಿಗೆ ಈ ಷರತ್ತಿನ ಮೇಲೆ ಮಾತ್ರ. ಲೈಂಗಿಕ ಕಿರುಕುಳದ ದೂರು ಬಂದಲ್ಲಿ ಅದನ್ನು ಸಮಿತಿಯೊಳಗೆ ‘ವಿಚಾರಣೆ’ ಮಾಡಿ ಮುಗಿಸುವಂತಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದೇ ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098 ಮತ್ತು ತುರ್ತು ಸಂಖ್ಯೆ 112 ಪ್ರತಿ ಮಗುವಿನ ಬಳಿಯೂ ಬರೆದಿರಲಿ.

ವಾಹನದ ಬಗ್ಗೆ ಎರಡೇ ಮಾತು. ಸರಕು ಸಾಗಿಸುವ ಟೆಂಪೊದಲ್ಲಾಗಲಿ, ಜೀಪಿನ ನೆತ್ತಿಯ ಮೇಲಾಗಲಿ ಮಕ್ಕಳನ್ನು ಕೂರಿಸಬಾರದು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಘಟ್ಟದ ರಸ್ತೆಯಲ್ಲಿ ಪ್ರಯಾಣ ಬೇಡ. ರಾತ್ರಿಯಿಡೀ ವಾಹನ ಓಡಿಸಿದ ಚಾಲಕ ಮರುದಿನ ಸಂಜೆ ಅದೇ ಮಕ್ಕಳನ್ನು ವಾಪಸು ಕರೆತರಬೇಕಾಗುತ್ತದೆ.

ಕೊನೆಯದಾಗಿ ಶಿಕ್ಷೆ, ಮತ್ತು ಆ ಇಬ್ಬರು ಹುಡುಗರು. ಹೊಡೆಯುವುದು, ಬಸ್ಕಿ ತೆಗೆಸುವುದು, ಎಲ್ಲರೆದುರು ಹೀಯಾಳಿಸುವುದು ಬೇಡ. ಶಿಕ್ಷಣ ಹಕ್ಕು ಕಾಯ್ದೆ ಶಾಲೆಗಳಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಶಾಲೆಯ ಹೊರಗಿನ ಬಳಗಕ್ಕೂ ಅದೇ ಅಳತೆ ಇರಬೇಕು. ಊಟ, ನೀರು, ವಿಶ್ರಾಂತಿಯನ್ನು ಶಿಕ್ಷೆಯಾಗಿ ತಡೆಹಿಡಿಯುವುದು ಬೆಟ್ಟದ ಮೇಲೆ ನೇರವಾಗಿ ಅಪಾಯವೇ. ಮಗುವನ್ನು ಮನೆಗೆ ಕಳುಹಿಸಲೇಬೇಕಾದರೆ ಹಿರಿಯರೊಬ್ಬರು ಜತೆಗೆ ಹೋಗಿ ಪೋಷಕರ ಕೈಗೆ ಒಪ್ಪಿಸಬೇಕು. ಒಂಟಿಯಾಗಿ ಬಸ್ಸು ಹತ್ತಿಸುವುದು ಸಲ್ಲದು. ಮತ್ತೆ ಮತ್ತೆ ಎಚ್ಚರಿಸಿದರೂ ಇತರರನ್ನು ಅಪಾಯಕ್ಕೆ ಒಡ್ಡುವವರನ್ನು, ಕಿರಿಯರನ್ನು ಪೀಡಿಸುವವರನ್ನು ಬಳಗದಿಂದ ಹೊರಗಿಡಬಹುದು. ನಿಮ್ಮ ಹುಡುಗರು ಆ ಸಾಲಿಗೆ ಸೇರುವುದಿಲ್ಲ: ಅವರು ಮುರಿದ ನಿಯಮ ಆಗ ಇರಲೇ ಇಲ್ಲ. ಅವರನ್ನೂ ಅವರ ಪೋಷಕರನ್ನೂ ಒಟ್ಟಿಗೆ ಕೂರಿಸಿ, ಯಾವ ಕವಲಿನಲ್ಲಿ ಏನು ಯೋಚಿಸಿ ತಿರುಗಿದರು ಎಂದು ಬೈಯದೆ ಕೇಳಿ ಬರೆದುಕೊಳ್ಳಿ. ಆ ದಿನ ಗುಂಪಿನ ಮುಂದೆ ಯಾರೂ ಇರದಂತಾದುದು ಹೇಗೆ ಎಂಬುದನ್ನು ಇಬ್ಬರು ಹಿರಿಯರೂ ಬರೆದು ಕೊಡಲಿ, ಎರಡನ್ನೂ ಒಂದೇ ಸಭೆಯಲ್ಲಿ ಓದಿ. ಮುಂದಿನ ಸಲ ಆ ಹುಡುಗರಲ್ಲಿ ಒಬ್ಬನನ್ನು ಮುಂದಾಳುವಿನ ಪಕ್ಕಕ್ಕೆ ಹಾಕಿ ಕವಲುಗಳನ್ನು ಗುರುತು ಮಾಡಿಕೊಳ್ಳುವ ಕೆಲಸ ಕೊಡಿ, ಇನ್ನೊಬ್ಬನಿಗೆ ಎಣಿಕೆ ಕೂಗುವ ಕೆಲಸ.